ಕೀಮೋ ಊರ ಹತ್ತಿರ ಬಂತು. ಬಾಯಿಹುಣ್ಣಿನ ಮಾತು ಯಾವ ಭಾಷೆಯಲ್ಲಿ?

ಕೇಂದ್ರ ಸರಕಾರದ 2025ರ ಮುಂಗಡಪತ್ರದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಸಂಬಂಧಪಟ್ಟ ಒಂದು ಘೋಷಣೆ ಇತ್ತು. ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದು, ಆ ಪೈಕಿ 200 ಕೇಂದ್ರಗಳನ್ನು 2025-26ರಲ್ಲೇ ಆರಂಭಿಸುವುದು. ಅದೇ ವರ್ಷ ಕರ್ನಾಟಕ ಸರಕಾರವೂ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಕೀಮೋ ಡೇ ಕೇರ್ ಶುರು ಮಾಡಿತು. ಗಡಿನಾಡಿನ ಜನರ ಪಾಲಿಗೆ ಇದು ಸಣ್ಣ ಸುದ್ದಿಯಲ್ಲ. ಅಕ್ಕಲಕೋಟದವರು ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆಗೋ ಮುಂಬಯಿಯ ಟಾಟಾ ಆಸ್ಪತ್ರೆಗೋ, ಜತ್ತಿನವರು ಮೀರಜಿಗೋ, ರಾಯದುರ್ಗ-ಮಡಕಶಿರಾದವರು ಬೆಂಗಳೂರಿನ ಕಿದ್ವಾಯಿಗೋ, ಕಾಸರಗೋಡಿನವರು ಮಂಗಳೂರಿಗೋ ತಲಶ್ಶೇರಿಗೋ, ತಾಳವಾಡಿಯವರು ಮೈಸೂರಿಗೋ ಗಂಟುಮೂಟೆ ಕಟ್ಟಿಕೊಂಡು ಹೋಗುವುದು ನಾವೆಲ್ಲ ಕಂಡದ್ದೇ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೊರೋನಾ ನೆಪದಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ, ದೂರದ ಆಸ್ಪತ್ರೆಯನ್ನೇ ನಂಬಿ ಬದುಕುವುದೆಂದರೆ ಏನು ಎಂಬುದು ಕಾಸರಗೋಡಿನ ರೋಗಿಗಳಿಗೆ ಗೊತ್ತಾಯಿತು. ಆ ಜಗಳ ಕೇರಳ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹೀಗಿರುವಾಗ ಕೀಮೋ ಜಿಲ್ಲಾ ಕೇಂದ್ರಕ್ಕೆ ಬಂದರೆ ಯಾರು ಬೇಡ ಅಂತಾರೆ?

ಆದರೆ ಡೇ ಕೇರ್ ಅಂದರೆ ಏನು ಎಂಬುದನ್ನು ಬಿಡಿಸಿ ನೋಡಬೇಕು. ಬೆಳಿಗ್ಗೆ ಹೋಗಿ ಸೂಜಿ, ಸಲಾಯಿನ್ ಹಚ್ಚಿಸಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಬರುವುದು. ಔಷಧಿ ಒಳಗೆ ಹೋಗುವಾಗ ಪಕ್ಕದಲ್ಲಿ ನರ್ಸ್ ಇರುತ್ತಾಳೆ. ಅದರ ತ್ರಾಸು ಶುರುವಾಗುವ ಹೊತ್ತಿಗೆ ರೋಗಿ ತನ್ನ ಮನೆಯ ಪಡಸಾಲೆಯಲ್ಲಿ ಇರುತ್ತಾನೆ. ಕೂದಲು ಉದುರುವುದು, ವಾಂತಿ ಇವನ್ನೆಲ್ಲ ಜನ ಕೇಳಿ ಬಲ್ಲರು. ಯಾರೂ ಮೊದಲೇ ಹೇಳದೆ, ಏಳೆಂಟು ದಿನ ಬಿಟ್ಟು ಬಂದು ಅನ್ನ-ನೀರಿಗೇ ಅಡ್ಡ ನಿಲ್ಲುವುದು ಬಾಯಿಹುಣ್ಣು. ಚಿಕಿತ್ಸೆ ಹತ್ತಿರ ಬಂದಷ್ಟೂ ಈ ಹುಣ್ಣಿನ ಜವಾಬ್ದಾರಿ ಮನೆಯವರ ಮೇಲೆ ಬೀಳುತ್ತದೆ. ಮನೆಯವರಿಗೆ ಅದನ್ನು ತಿಳಿಯುವ ಮಾತಿನಲ್ಲಿ ಹೇಳಿ ಕಳಿಸುವ ಏರ್ಪಾಡು ಮಾತ್ರ ಎಲ್ಲೂ ಕಾಣುವುದಿಲ್ಲ.

‘ಥೋಡಾ’ ಅಂದ ಅತ್ತಿ

ನನ್ನ ಸೋದರತ್ತಿಯ ಮಾತು ಇಲ್ಲಿ ಹೇಳಬೇಕು. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ತೊಗರಿ, ಜೋಳ ಬೆಳೆಯುವ ಮನೆ. ಎದೆಯ ಗಡ್ಡೆಗೆ ಶಸ್ತ್ರಕ್ರಿಯೆ ಆಗಿ, ಪಟ್ಟಣದ ಒಂದು ಆಸ್ಪತ್ರೆಯಲ್ಲಿ 21 ದಿನಕ್ಕೊಂದರಂತೆ ಕೀಮೋ ಶುರುವಾಯಿತು. ಡಾಕ್ಸೊರುಬಿಸಿನ್ ಎಂಬ ಔಷಧಿ. ಬಣ್ಣ ಕೆಂಪು. ನಮ್ಮ ಮನೆಯಲ್ಲಿ ಅದಕ್ಕೆ ‘ಕೆಂಪ ಸೂಜಿ’ ಎಂದೇ ಹೆಸರು ಬಿತ್ತು.

ಮೊದಲನೆಯ ಸೂಜಿ ಹೇಗೋ ಕಳೆಯಿತು. ಎರಡನೆಯದಾದ ಏಳನೆಯ ದಿನ ತುಟಿಯ ಒಳಗೆ ಉರಿ. ಒಂಬತ್ತನೆಯ ದಿನಕ್ಕೆ ನಾಲಿಗೆಯ ಅಂಚು, ಗಲ್ಲದ ಒಳಭಾಗ ಎಲ್ಲ ಸುಲಿದಂತೆ ಆಯಿತು. ‘ಬಾಯಾಗ ಕೆಂಡ ಇಟ್ಟಂಗ ಆಗೇದ ನೋಡಪ, ಒಂದ್ ಗುಟುಕ ನೀರ್ ಸೈತ ಇಳೀವಲ್ದು’ ಅಂತ ಅತ್ತಿ ಅಳುತ್ತಿದ್ದಳು. ಓಣಿಯ ಹೆಂಗಸರು ಬಂದು ನೋಡಿ, ‘ಹೊಟ್ಟಿ ಉಷ್ಣ ಆಗೇದ, ತಂಪ ಮಾಡ್ರಿ’ ಅಂದರು. ಸೊಲ್ಲಾಪುರದ ಬೀಗರು ಡಾಳಿಂಬೆ ಬುಟ್ಟಿ ತಂದರು. ಸೊಲ್ಲಾಪುರದ ಡಾಳಿಂಬೆ ಅಂದರೆ ಕೇಳಬೇಕೆ! ಆ ರಸ ಒಂದು ಚಮಚೆ ಬಾಯಿಗೆ ಬಿದ್ದದ್ದೇ ತಡ, ಅತ್ತಿ ಕಿರುಚಿದಳು.

ಆಸ್ಪತ್ರೆಯ ಫೈಲು ತೆಗೆದು ನೋಡಿದರೆ ಬಾಯಿಯ ಬಗ್ಗೆ ಮೂರೇ ಮೂರು ಇಂಗ್ಲಿಷ್ ಪದ: ‘ಓರಲ್ ಹೈಜೀನ್ ಅಡ್ವೈಸ್ಡ್’. ಯಾರು ಯಾರಿಗೆ ಹೇಳಿದರೋ ದೇವರೇ ಬಲ್ಲ.

ಮೂರನೆಯ ಸೂಜಿಯ ತಾರೀಖಿಗೆ ಅತ್ತಿ ಏಳಲಿಲ್ಲ. ‘ಇನ್ನ ಆ ಕೆಂಪ ಸೂಜಿ ಒಲ್ಲೆ. ಸತ್ತರ ನನ್ನ ಹೊಲದಾಗ ಸಾಯ್ತೀನಿ’ ಅಂತ ಹಟ. ಹತ್ತು ದಿನ ತಡವಾಗಿ, ಬೈದು ಬುದ್ಧಿ ಹೇಳಿ ಕರೆದುಕೊಂಡು ಹೋದೆವು. ಡಾಕ್ಟರು ಮರಾಠಿಯಲ್ಲಿ, ‘ಆಜಿ, ತೋಂಡಾತ ತ್ರಾಸ ಝಾಲಾ ಕಾ?’ ಎಂದು ಕೇಳಿದರು. ಅತ್ತಿ ಸೆರಗು ಸರಿಮಾಡಿಕೊಂಡು, ‘ಥೋಡಾ’ ಅಂದಳು. ಸ್ವಲ್ಪ!

ಈ ‘ಥೋಡಾ’ ಶಬ್ದದ ಮೇಲೆ ನಾನು ಬಹಳ ಸಲ ವಿಚಾರ ಮಾಡಿದ್ದೇನೆ. ಅತ್ತಿಗೆ ಮರಾಠಿ ಬರುವುದಿಲ್ಲ ಅನ್ನುವಂತಿಲ್ಲ. ಅಡತಿ ಅಂಗಡಿಯಲ್ಲಿ ತೊಗರಿಯ ದರ ಮಾಡುವಾಗ, ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ಆಡುವಾಗ ಅವಳ ಮರಾಠಿ ಯಾರಿಗೂ ಕಡಿಮೆಯಿಲ್ಲ. ನಾವು ಗಡಿಯ ಜನ ಎರಡು ಭಾಷೆಯಲ್ಲಿ ವ್ಯವಹಾರ ಮಾಡುವವರು. ಆದರೆ ನೋವಿನ ಮಾತು ಎರಡನೆಯ ಭಾಷೆಯಲ್ಲಿ ಬರುವುದಿಲ್ಲ. ಅದರಲ್ಲೂ ದೊಡ್ಡ ಡಾಕ್ಟರ ಮುಂದೆ, ಹಿಂದೆ ಇಪ್ಪತ್ತು ಮಂದಿ ಪಾಳಿ ಹಚ್ಚಿ ನಿಂತಿರುವಾಗ, ಹೆಂಗಸಾದವಳು ‘ಥೋಡಾ’ ಅಂತಾಳೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ಅವರದೂ ತಪ್ಪಲ್ಲ.

ಹೆಸರು ಸಾದಾ, ರೋಗ ಸಾದಾ ಅಲ್ಲ

ಇದರಲ್ಲಿ ಇನ್ನೊಂದು ತೊಡಕಿದೆ. ಮರಾಠಿಯಲ್ಲಿ ‘ತೋಂಡ ಆಲಂಯ’ ಅಂತಾರೆ, ತಾಳವಾಡಿಯ ತಮಿಳರು ‘ವಾಯ್‌ಪುಣ್’, ಆದೋನಿಯ ಕಡೆ ‘ನೋಟಿಪೂತ’, ನಾವು ಬಾಯಿಹುಣ್ಣು. ಯಾವ ಭಾಷೆಯಲ್ಲಿ ಹೇಳಿದರೂ ಅದು ವರ್ಷಕ್ಕೆರಡು ಸಲ ಎಲ್ಲರಿಗೂ ಬರುವ, ಮಜ್ಜಿಗೆ ಕುಡಿದರೆ ಹೋಗುವ ಸಾದಾ ತಾಪತ್ರಯದ ಹೆಸರು. ಕೀಮೋದವರಿಗೆ ಬರುವುದು ಅದಲ್ಲ. ಡಾಕ್ಟರರು ಅದಕ್ಕೆ ಮ್ಯುಕೋಸೈಟಿಸ್ ಅಂತಾರೆ.

ಕಾರಣ ಒಕ್ಕಲಿಗನಿಗೆ ತಿಳಿಯದಂಥದ್ದೇನಲ್ಲ. ಕ್ಯಾನ್ಸರ್ ಕಣಗಳು ಭರಭರನೆ ಬೆಳೆಯುತ್ತವೆ. ಕೀಮೋ ಔಷಧಿ ಹಾಗೆ ಭರಭರನೆ ಬೆಳೆಯುವುದನ್ನು ಹುಡುಕಿ ಸುಡುತ್ತದೆ. ಬಾಯಿಯ ಒಳಗಿನ ತೆಳು ಚರ್ಮವೂ ಹಾಗೇ, ಒಂದೆರಡು ವಾರಕ್ಕೊಮ್ಮೆ ಹಳೆಯದು ಕಳಚಿ ಹೊಸದು ಬರುತ್ತಲೇ ಇರುತ್ತದೆ. ಕಳೆನಾಶಕ ಹೊಡೆದಾಗ ಕಳೆಯ ಜೊತೆ ಎಳೆಯ ಸಸಿಯೂ ಬಾಡುವಂತೆ ಇದೂ ಸುಡುತ್ತದೆ. ಹಳೆಯ ಪದರ ಸವೆದುಹೋಗುವ ಹೊತ್ತಿಗೆ ಕೆಳಗೆ ಹೊಸದು ತಯಾರಿರುವುದಿಲ್ಲ. ಸೂಜಿ ಆದ ದಿನವೇ ಏನೂ ಆಗದೆ, ಐದರಿಂದ ಹತ್ತನೆಯ ದಿನದೊಳಗೆ ಹುಣ್ಣು ಏಳುವುದು ಇದಕ್ಕಾಗಿಯೇ. ಸಾಮಾನ್ಯವಾಗಿ ಎರಡು-ಮೂರು ವಾರದಲ್ಲಿ ತಾನೇ ಮಾಯುತ್ತದೆ. ಅಷ್ಟರಲ್ಲಿ ಮುಂದಿನ ಸೂಜಿ!

ಎಲ್ಲ ಔಷಧಿಗೂ ಒಂದೇ ಹದ ಇಲ್ಲ. ಫ್ಲೂರೋಯುರಾಸಿಲ್, ಮೆಥೋಟ್ರೆಕ್ಸೇಟ್, ಈ ಕೆಂಪು ಡಾಕ್ಸೊರುಬಿಸಿನ್ ಬಾಯಿಗೆ ಕೆಟ್ಟವು. ಮನೆಯಲ್ಲೇ ನುಂಗುವ ಕ್ಯಾಪೆಸಿಟಬಿನ್ ಗುಳಿಗೆಯಿಂದಲೂ ಬರುತ್ತದೆ. ಇನ್ನು ಬಾಯಿ, ಗಂಟಲಿನ ಕ್ಯಾನ್ಸರಿಗೆ ಕರೆಂಟು ಕೊಡಿಸಿಕೊಳ್ಳುವವರಲ್ಲಿ, ಅಂದರೆ ರೇಡಿಯೇಶನ್ನಿನವರಲ್ಲಿ, ಹುಣ್ಣು ಬಾರದವರು ತೀರ ವಿರಳ. ಅವರಿಗೆ ಎರಡು-ಮೂರನೆಯ ವಾರದಲ್ಲಿ ಶುರುವಾಗಿ, ಕರೆಂಟು ಮುಗಿದ ಮೇಲೂ ಕೆಲವು ವಾರ ಇರುತ್ತದೆ. ನಮ್ಮ ದೇಶದ ಗಂಡಸರಲ್ಲಿ ಬಾಯಿಯ ಕ್ಯಾನ್ಸರು ಎಷ್ಟು ಹೆಚ್ಚೆಂಬುದನ್ನು ನೆನೆದರೆ, ಈ ಲೇಖನ ಓದುವ ಊರೂರಿಗೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಹುಣ್ಣಿನಿಂದ ಆಗುವ ನಷ್ಟ ನೋವೊಂದೇ ಅಲ್ಲ. ಊಟ ಬಿಟ್ಟು ತೂಕ ಇಳಿಯುತ್ತದೆ. ಔಷಧಿಯ ಪ್ರಮಾಣ ಇಳಿಸಬೇಕಾಗುತ್ತದೆ, ತಾರೀಖು ಮುಂದೆ ಹೋಗುತ್ತದೆ. ರೋಗ ಪೂರ್ತಿ ಹೋಗಲಿ ಎಂದು ಕೊಡುವ ಕೀಮೋ ಹೀಗೆ ಮೇಲಿಂದ ಮೇಲೆ ಕಡಿಮೆಯಾದರೆ, ತಡವಾದರೆ ಅದರ ಜೋರು ಉಳಿಯುವುದಿಲ್ಲ. ಸಾಲ ಮಾಡಿ, ಎತ್ತು ಮಾರಿ ಹಾಕಿದ ದುಡ್ಡು ಬಾಯಿಯ ಬಾಗಿಲಲ್ಲೇ ಸೋರಿ ಹೋಗುವುದೆಂದರೆ ಹೀಗೆ.

ರೊಟ್ಟಿ, ಗಂಜಿ, ನೀರು

ಹಾಗಾದರೆ ಡಾಕ್ಟರಿಗೆ ಹೇಳುವುದು ಹೇಗೆ? ಇದಕ್ಕೊಂದು ಸುಲಭದ ದಾರಿ ಇದೆ, ಅದನ್ನು ನಾವು ಬಹಳ ತಡವಾಗಿ ಕಲಿತೆವು. ಬಾಯಿಹುಣ್ಣು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಒಂದು ಲೆಕ್ಕವಿದೆ, ಸೊನ್ನೆಯಿಂದ 4ರವರೆಗೆ. ಬರೀ ಉರಿ, ಕೆಂಪು ಇದ್ದರೆ 1. ಹುಣ್ಣಿದ್ದರೂ ಗಟ್ಟಿ ಊಟ ಹೋಗುತ್ತಿದ್ದರೆ 2. ತೆಳ್ಳಗಿನದು ಮಾತ್ರ ಇಳಿಯುತ್ತಿದ್ದರೆ 3. ಬಾಯಿಂದ ಏನೂ ಹೋಗದಿದ್ದರೆ 4. ನೋಡಿ, ಇಡೀ ಲೆಕ್ಕ ನಿಂತಿರುವುದು ಏನು ತಿಂದಿರಿ ಎಂಬುದರ ಮೇಲೆ. ‘ಬಹಳ ನೋವು’, ‘ಸ್ವಲ್ಪ ನೋವು’ ಎಂಬ ಮಾತೇ ಬೇಕಾಗಿಲ್ಲ. ರೊಟ್ಟಿ ಹೋಗುತ್ತದೋ, ಗಂಜಿ ಮಾತ್ರವೋ, ನೀರೂ ಇಲ್ಲವೋ, ಅಷ್ಟು ಹೇಳಿದರೆ ಸಾಕು.

ಈ ಮೂರು ಶಬ್ದ ನಮ್ಮ ಗಡಿಯ ಯಾವ ಮನುಷ್ಯನಿಗೆ ಬರುವುದಿಲ್ಲ? ಮರಾಠಿಯಲ್ಲಿ ಭಾಕರಿ, ಪೇಜ್, ಪಾಣಿ. ಮಲಯಾಳದಲ್ಲಿ ಚೋರ್, ಕಞ್ಞಿ, ವೆಳ್ಳಂ. ತಮಿಳಿನಲ್ಲಿ ಸೋರು, ಕಂಜಿ, ತಣ್ಣೀರ್. ತೆಲುಗಿನಲ್ಲಿ ಅನ್ನಂ, ಗಂಜಿ, ನೀಳ್ಳು. ‘ನಾಲ್ಕು ದಿನದಿಂದ ಭಾಕರಿ ನಾಹೀ, ಫಕ್ತ ಪೇಜ್’ ಎಂದು ಅತ್ತಿ ಅಂದಿದ್ದರೆ ಡಾಕ್ಟರು 3 ಎಂದು ಬರೆದುಕೊಳ್ಳುತ್ತಿದ್ದರು. ಅವಳು ‘ಥೋಡಾ’ ಅಂದಳು, ಮೂರನೆಯ ಸೂಜಿ ಪೂರಾ ಪ್ರಮಾಣದಲ್ಲಿ ಬಿತ್ತು. ನೀರೂ ಇಳಿಯುತ್ತಿಲ್ಲ ಎಂದರೆ ಮುಂದಿನ ತಾರೀಖಿನವರೆಗೆ ಕಾಯುವ ಮಾತೇ ಇಲ್ಲ. ಅವತ್ತೇ ಆಸ್ಪತ್ರೆಗೆ ಹೋಗಿ ಸಲಾಯಿನ್ ಹಚ್ಚಿಸಬೇಕು.

ಕಿರಾಣಿ ಅಂಗಡಿಯ ಔಷಧಿ

ತಡೆಯುವ ಉಪಾಯಗಳ ಪೈಕಿ ದೊಡ್ಡದು ದೊಡ್ಡ ದುಡ್ಡಿನದಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಒಂದು ಚಹದ ಚಮಚೆ ಉಪ್ಪು, ಒಂದು ಚಹದ ಚಮಚೆ ಅಡಿಗೆ ಸೋಡಾ. ಎರಡು-ಮೂರು ತಾಸಿಗೊಮ್ಮೆ, ಉಂಡ ಮೇಲೆ, ಮಲಗುವ ಮುಂಚೆ ಬಾಯಿ ತುಂಬ ಹಿಡಿದು, ಮೆಲ್ಲಗೆ ಆಡಿಸಿ ಉಗುಳುವುದು. ನುಂಗಬಾರದು. ದಿನಾ ಹೊಸದಾಗಿ ಮಾಡಿಕೊಳ್ಳಬೇಕು. ಹುಣ್ಣು ಎದ್ದ ಮೇಲೆ ಅಲ್ಲ, ಸೂಜಿ ಆದ ದಿನದಿಂದಲೇ ಶುರು ಮಾಡಬೇಕು. ಇದು ಹುಣ್ಣನ್ನು ಬಾರದಂತೆ ಪೂರ್ತಿ ತಡೆಯುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಬಾಯಿ ಸ್ವಚ್ಛ ಇರುತ್ತದೆ, ಹಸಿ ಇರುತ್ತದೆ, ಹುಣ್ಣಿಗೆ ನಂಜು ಏರುವುದು ಕಡಿಮೆ. ಅಂಗಡಿಯಲ್ಲಿ ಕೇಳುವಾಗ ಮಾತ್ರ ಎಚ್ಚರ: ಬಟ್ಟೆ ಒಗೆಯುವ ಸೋಡಾ ಬೇರೆ, ಇದು ಬೇರೆ. ಸೊಲ್ಲಾಪುರದ ಕಡೆ ‘ಖಾಣ್ಯಾಚಾ ಸೋಡಾ’, ರಾಯದುರ್ಗದ ಕಡೆ ‘ವಂಟ ಸೋಡಾ’, ಕಾಸರಗೋಡಿನಲ್ಲಿ ‘ಅಪ್ಪಕ್ಕಾರಂ’ ಎಂದೇ ಕೇಳಬೇಕು.

ಹಲ್ಲುಜ್ಜುವುದನ್ನು ಬಿಡಬಾರದು, ಆದರೆ ಬ್ರಶ್ಶು ಎಳೆಮಕ್ಕಳದರಷ್ಟು ಮೆತ್ತಗಿರಬೇಕು. ಇದ್ದಲು, ಇಟ್ಟಂಗಿ ಪುಡಿ, ಬೇವಿನ ಕಡ್ಡಿ ಸದ್ಯಕ್ಕೆ ದೂರ ಇಡಬೇಕು. ಕಟ್ಟಿಸಿದ ಹಲ್ಲು ಇದ್ದರೆ ಊಟದ ಹೊತ್ತು ಬಿಟ್ಟು ತೆಗೆದಿಡಬೇಕು. ಕೀಮೋ ಶುರುವಾಗುವ ಮೊದಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಹುಳುಕು ಹಲ್ಲು, ಮುರಿದು ಚೂಪಾದ ಹಲ್ಲು ಸರಿಮಾಡಿಸಿಕೊಂಡರೆ ಅರ್ಧ ತ್ರಾಸು ತಪ್ಪುತ್ತದೆ. ಔಷಧಿ ಅಂಗಡಿಯವರು ಕೈಗೆ ಕೊಡುವ, ಬಾಯಿ ಚುರುಚುರು ಅನ್ನಿಸುವ ಸ್ಪಿರಿಟ್ ಬೆರೆತ ಮೌತ್‌ವಾಶ್ ಬೇಡ. ಹುಣ್ಣಿಗೆ ಸುಣ್ಣ, ಕಾಚು, ಪಟಿಕ ಹಚ್ಚುವುದಂತೂ ಬೇಡವೇ ಬೇಡ.

ಜೇನಿನ ಮಾತು ಬಹಳ ಮಂದಿ ಕೇಳುತ್ತಾರೆ. 2020ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ತಲೆ-ಕುತ್ತಿಗೆಯ ಭಾಗಕ್ಕೆ ಕರೆಂಟು ಕೊಡಿಸಿಕೊಳ್ಳುವವರಿಗೆ ಜೇನು ಉಪಯೋಗ ಆಗಬಹುದು ಎಂಬ ಸಲಹೆ ಇದೆ. ಅದು ಅವರಿಗೆ. ಸಕ್ಕರೆ ಕಾಯಿಲೆಯವರಿಗೆ ಹೊಂದುವುದಿಲ್ಲ, ಹಲ್ಲೂ ಹುಳುಕುತ್ತದೆ. ಡಾಕ್ಟರನ್ನು ಕೇಳದೆ ಬಾಟಲಿ ತೆರೆಯಬಾರದು.

ಮಂಜುಗಡ್ಡೆಯ ಉಪಾಯ ಇನ್ನೂ ಸೋಜಿಗದ್ದು. ಫ್ಲೂರೋಯುರಾಸಿಲ್ ಔಷಧಿಯನ್ನು ಒಮ್ಮೆಲೇ ರಕ್ತನಾಳಕ್ಕೆ ಏರಿಸುವಾಗ, ಐದು ನಿಮಿಷ ಮುಂಚಿನಿಂದ ಹಿಡಿದು ಅರ್ಧ ತಾಸು ಬಾಯಲ್ಲಿ ಮಂಜಿನ ಚೂರು ಇಟ್ಟುಕೊಂಡರೆ ಹುಣ್ಣು ಕಡಿಮೆ ಆಗುತ್ತದೆಂದು ಅಮೆರಿಕದಲ್ಲಿ 1991ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಥಂಡಿಗೆ ಬಾಯಿಯ ರಕ್ತನಾಳ ಮುದುಡುತ್ತವೆ, ಔಷಧಿ ಅಲ್ಲಿಗೆ ಕಡಿಮೆ ತಲುಪುತ್ತದೆ, ಇಷ್ಟೇ ಗುಟ್ಟು. ಕುದಿಸಿದ ನೀರಿನದೇ ಮಂಜು ಮಾಡಿ ಥರ್ಮಾಸಿನಲ್ಲಿ ಒಯ್ಯಬಹುದು. ಗಾಡಿಯ ಬರ್ಫು ಬೇಡ. ಎಲ್ಲ ಕೀಮೋಕ್ಕೂ ಇದು ನಡೆಯುವುದಿಲ್ಲ. ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ಜೊತೆಗಿದ್ದರೆ ಥಂಡಿ ತಾಗಿದರೆ ಗಂಟಲು ಹಿಡಿದುಕೊಂಡಂತಾಗುತ್ತದೆ, ಆಗ ಮಂಜು ಮುಟ್ಟಲೇಬಾರದು. ಆದ್ದರಿಂದ ಔಷಧಿಯ ಹೆಸರು ಬರೆದುಕೊಂಡು ನರ್ಸಮ್ಮನನ್ನು ಕೇಳಿಯೇ ಮಾಡಬೇಕು.

ಊಟದ ಮಾತಿಗೆ ಬಂದರೆ ನಮ್ಮ ಕಡೆಯ ತಾಟಿನಲ್ಲಿ ಖಾರವೇ ಮೊದಲು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಸುಲಿದ ಬಾಯಿಗೆ ಮುಳ್ಳು. ಲಿಂಬೆ, ಮೋಸಂಬಿ, ಡಾಳಿಂಬೆ, ಹುಣಸೆ ಆ ಹತ್ತು ದಿನ ಬೇಡ. ಬೀಗರಿಗೆ ಮೊದಲೇ ಹೇಳಿಬಿಟ್ಟರೆ ಅವರಿಗೂ ಖರ್ಚು ತಪ್ಪೀತು. ಆರಿದ ಸಜ್ಜಕ, ಹೆಸರುಬೇಳೆಯ ಮೆತ್ತನೆಯ ಕಿಚಡಿ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಮೆತ್ತನೆ ಭಾಗ, ರಾಗಿ ಗಂಜಿ, ಬೇಯಿಸಿ ಮಸೆದ ತತ್ತಿ, ಬಾಳೆಹಣ್ಣು, ಹುಳಿಯಿಲ್ಲದ ಗಟ್ಟಿ ಮೊಸರು. ಬಿಸಿಬಿಸಿ ಬೇಡ. ಒಮ್ಮೆಲೇ ತಾಟು ತುಂಬ ಬಡಿಸಿ ಎದುರು ಕೂತು ‘ಉಣ್ಣು, ಉಣ್ಣು’ ಅನ್ನುವುದಕ್ಕಿಂತ ತಾಸಿಗೊಮ್ಮೆ ನಾಲ್ಕು ಚಮಚೆ ಲೇಸು.

ಅಡಿಕೆ, ತಂಬಾಕು, ಗುಟಕಾ? ಕೇರಳ, ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟಕಾ ನಿಷೇಧಿಸಿದವು. ಗಡಿಯ ಪಾನ್ ಅಂಗಡಿಗಳಲ್ಲಿ ನಿಷೇಧ ಎಷ್ಟು ನಡೆದಿದೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕಾಸರಗೋಡಿನ ಅಡಿಕೆ ಬೆಳೆಗಾರರಿಗೆ ಕಹಿ ಅನ್ನಿಸಬಹುದು, ಆದರೆ ತಂಬಾಕಿಲ್ಲದ ಬರಿ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಷ್ಟು ಹಿಂದೆಯೇ ಪ್ರಕಟಿಸಿದೆ. ಬೆಲೆಯ ಚರ್ಚೆ ಬೇರೆ ಇರಲಿ, ಕೀಮೋ ನಡೆದಿರುವ ಬಾಯಿಗೆ ಒಂದು ಹೋಳೂ ಹೋಗಬಾರದು.

‘ಉಷ್ಣ’ ಎಂದು ಕೂತರೆ

ಓಣಿಯ ಹೆಂಗಸರು ಅಂದ ‘ಉಷ್ಣ’ದ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ಜೀವಕ್ಕೆ ಅಪಾಯ ಇರುವುದು ಅಲ್ಲೇ. ಹುಣ್ಣು ಜೋರಾಗುವ ಏಳರಿಂದ ಹದಿನಾಲ್ಕನೆಯ ದಿನದ ನಡುವೆಯೇ ರಕ್ತದ ಬಿಳಿ ಕಣಗಳೂ ತೀರ ಇಳಿದಿರುತ್ತವೆ. ಬಿಳಿ ಕಣ ಅಂದರೆ ಮೈಯ ಕಾವಲುಗಾರರು. ಕಾವಲು ಇಲ್ಲದ ಹೊತ್ತಿನಲ್ಲಿ ಬಾಯಿಯ ಬಾಗಿಲು ತೆರೆದು ಬಿದ್ದಿದೆ. ನಂಜು ಅಲ್ಲಿಂದ ರಕ್ತಕ್ಕೆ ಇಳಿದರೆ ಒಂದು ರಾತ್ರಿಯಲ್ಲಿ ಮನುಷ್ಯ ಕೈಬಿಟ್ಟು ಹೋದಾನು.

ಆದ್ದರಿಂದ ಕೀಮೋದವರ ಮನೆಯಲ್ಲಿ ಥರ್ಮಾಮೀಟರು ಇರಲೇಬೇಕು. ಜ್ವರ 100.4 ಡಿಗ್ರಿ ಮುಟ್ಟಿದರೆ, ಚಳಿ ನಡುಗಿದರೆ, ನಡುರಾತ್ರಿ ಆಗಿದ್ದರೂ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋಗಬೇಕು. ‘ಉಷ್ಣ ಆಗೇದ, ಬೆಳಗಾಗಲಿ’ ಅನ್ನುವಂತಿಲ್ಲ. ಜ್ವರ ನೋಡದೆ ಪ್ಯಾರಾಸಿಟಮಾಲ್ ಗುಳಿಗೆ ನುಂಗಿಸುವುದೂ ಸಲ್ಲ. ಅದು ಜ್ವರ ಮರೆಮಾಡುತ್ತದೆ, ಅಪಾಯ ತೆಗೆಯುವುದಿಲ್ಲ. ನೋವಿಗೆಂದು ಅಂಗಡಿಯ ಬೇರೆ ಗುಳಿಗೆ ತಂದರೆ ರಕ್ತ ಸೋರುವ ಭಯವೂ ಇದೆ. ನಾಲಿಗೆಯ ಮೇಲೆ ಮೊಸರು ಅಂಟಿದಂತೆ ಬಿಳಿ ಪದರ ಕಂಡರೆ ಅದು ಬೂಷ್ಟಿನ ಸೋಂಕು. ಅದಕ್ಕೆ ಬೇರೆಯೇ ಔಷಧಿ ಇದೆ, ಕೊಟ್ಟರೆ ಬೇಗ ಹೋಗುತ್ತದೆ. ಹುಣ್ಣಿನಿಂದ ರಕ್ತ ನಿಲ್ಲದಿದ್ದರೂ ಕಾಯಬಾರದು.

ನೋವಿಗೆ ಗಡಿಯಿದೆಯೇ?

ನೋವು ಇಳಿಸುವ ಔಷಧಿಗಳಿವೆ. ಊಟಕ್ಕೆ ಸ್ವಲ್ಪ ಮುಂಚೆ ಹಚ್ಚುವ ಲಿಗ್ನೋಕೇಯ್ನ್ ಜೆಲ್ಲು ಬಾಯಿ ಜೋಮು ಹಿಡಿಸುತ್ತದೆ (ಆಗ ನಾಲಿಗೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕು). ಹುಣ್ಣು ಮೂರು-ನಾಲ್ಕರ ಮಟ್ಟಕ್ಕೆ ಹೋದರೆ ಮಾರ್ಫೀನ್ ಬೇಕಾಗುತ್ತದೆ. ಇಲ್ಲಿ ನಮ್ಮ ಗಡಿ ಅಡ್ಡ ಬರುತ್ತದೆ. 1985ರ ಮಾದಕ ದ್ರವ್ಯ ಕಾಯಿದೆಯ ಕೆಳಗೆ ರಾಜ್ಯಕ್ಕೊಂದು ಪರವಾನಗಿಯ ಗೋಜಲು ಇತ್ತು; 2014ರ ತಿದ್ದುಪಡಿಯ ನಂತರ ದೇಶಕ್ಕೆಲ್ಲ ಒಂದೇ ನಿಯಮ ಆಯಿತು, ಮಾನ್ಯತೆ ಪಡೆದ ಆಸ್ಪತ್ರೆ ಇಟ್ಟುಕೊಳ್ಳಬಹುದು. ಕಾಯಿದೆ ಒಂದಾದರೂ ನಡೆ ಒಂದಾಗಿಲ್ಲ. ಕೇರಳದಲ್ಲಿ 1993ರಲ್ಲಿ ಕೋಝಿಕೋಡಿನಲ್ಲಿ ಶುರುವಾದ ನೋವು ಶಮನದ ಕೆಲಸ 2008ರಲ್ಲಿ ಸರಕಾರದ ನೀತಿಯೇ ಆಗಿ, ಪಂಚಾಯತಿಯ ನರ್ಸು ಮನೆಗೆ ಬಂದು ಹಾಸಿಗೆ ಹಿಡಿದವರನ್ನು ನೋಡುವ ಪದ್ಧತಿ ಬೆಳೆಯಿತು. ಮಂಜೇಶ್ವರ, ಕುಂಬಳೆಯ ಕನ್ನಡಿಗರಿಗೆ ಇದು ಸಿಗುತ್ತದೆ. ಆ ನರ್ಸು ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಬಲ್ಲಳು. ಕೇರಳದಿಂದ ನಮಗಾದ ಅನ್ಯಾಯಗಳ ಪಟ್ಟಿ ಓದುವಾಗ ಈ ಒಂದು ಒಳ್ಳೆಯದನ್ನೂ ಹೇಳಬೇಕಲ್ಲವೆ? ಅಕ್ಕಲಕೋಟದಲ್ಲಿ, ಅಷ್ಟೇಕೆ ಒಳ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ, ಅಂಥ ನರ್ಸನ್ನು ನಾನು ಕಂಡಿಲ್ಲ.

ದುಡ್ಡಿನ ವಿಷಯ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಕಾರ್ಡು ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಕೊಡುತ್ತದೆ, ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ನಡೆಯುತ್ತದೆ. ಹೊರರೋಗಿಯ ಖರ್ಚು ಅದರಲ್ಲಿಲ್ಲ. ಆದರೆ ಬಿಡುಗಡೆಯಾದ ನಂತರ 15 ದಿನದವರೆಗಿನ ಔಷಧಿ ಸೇರಿದೆ ಎಂದು ನಿಯಮದಲ್ಲಿದೆ. ಬಾಯಿಹುಣ್ಣು ಬರುವುದು ಆ 15 ದಿನದೊಳಗೇ. ಹೊರಡುವ ಮುಂಚೆಯೇ ಬಾಯಿಯ ಜೆಲ್ಲು, ಔಷಧಿ ಬರೆಸಿ ಕೈಗೆ ತೆಗೆದುಕೊಳ್ಳಲು ಕೇಳುವುದರಲ್ಲಿ ನಾಚಿಕೆ ಬೇಡ. 2023ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಆರೋಗ್ಯ ವಿಮೆಯನ್ನು ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ವಿಸ್ತರಿಸುತ್ತೇನೆಂದಾಗ ಎರಡೂ ಕಡೆ ಎಷ್ಟು ಗದ್ದಲ ಆಯಿತು! ಆ ಗದ್ದಲದಲ್ಲಿ, ಕಾರ್ಡು ಇದ್ದ ರೋಗಿಗೆ ಆಸ್ಪತ್ರೆಯಲ್ಲಿ ಅವನ ಮಾತು ಯಾರಿಗೆ ತಿಳಿಯುತ್ತದೆ ಎಂದು ಕೇಳಿದವರನ್ನು ನಾನಂತೂ ನೋಡಲಿಲ್ಲ.

ಒಂದು ಹಾಳೆ, ಒಂದು ಭೇಟಿ

ಕೇಳಬೇಕಾದ್ದು ಬಹಳ ಇಲ್ಲ. ಭಾಷಾ ಅಲ್ಪಸಂಖ್ಯಾತರಿಗೆ ರಾಜ್ಯಗಳು ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು ಹೀಗಿದೆ: ಜಿಲ್ಲೆ ಅಥವಾ ತಾಲೂಕಿನಲ್ಲಿ ನೂರಕ್ಕೆ 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಸೂಚನೆಗಳನ್ನು ಅನುವಾದಿಸಿ ಪ್ರಕಟಿಸಬೇಕು. ಅಕ್ಕಲಕೋಟ, ಜತ್ತ, ಮಂಜೇಶ್ವರ, ತಾಳವಾಡಿಯಲ್ಲಿ ಕನ್ನಡ ಆಡುವವರು ಅಷ್ಟಿಲ್ಲವೆ? ಮತದಾನದ, ತೆರಿಗೆಯ ನೋಟೀಸಿಗೆ ಈ ನಿಯಮ ಹಿಡಿದು ಜಗಳ ಆಡಿದವರಿದ್ದಾರೆ. ಕೀಮೋ ಕೇಂದ್ರದ ಬಾಯಿ ಆರೈಕೆಯ ಹಾಳೆಗೂ ಅದನ್ನೇ ಹಿಡಿಯಬಹುದು. ಹಾಳೆಯ ಒಂದು ಮಗ್ಗಲು ರಾಜ್ಯದ ಭಾಷೆ, ಇನ್ನೊಂದು ಮಗ್ಗಲು ಕನ್ನಡ. ಕೆಳಗೆ ರಾತ್ರಿಯೂ ಎತ್ತುವ ಒಂದು ಫೋನ್ ನಂಬರು.

ಹಾಳೆಯೊಂದರಿಂದಲೇ ಆಗಿಬಿಡುತ್ತದೆಂದು ನಾನು ಹೇಳಲಾರೆ. ಮಡಕಶಿರಾದಲ್ಲಿ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಕಲಿತ ಹುಡುಗ ಕನ್ನಡ ಓದಲಾರ. ತಾಳವಾಡಿಯಲ್ಲೂ ತಮಿಳು ಶಾಲೆಗೆ ಹೋದ ಮಕ್ಕಳ ಪಾಡು ಅದೇ. ನಮ್ಮ ಅತ್ತಿಗಂತೂ ಯಾವ ಲಿಪಿಯೂ ಬರುವುದಿಲ್ಲ. ಅದಕ್ಕೇ ಹಾಳೆಯ ಜೊತೆ ಬಾಯಿಮಾತೂ ಬೇಕು. ಊರೂರಿಗೆ ಆಶಾ ಕಾರ್ಯಕರ್ತೆ ಇದ್ದಾಳೆ. ಗಡಿಯ ಹಳ್ಳಿಗಳಲ್ಲಿ ಆಕೆ ಅದೇ ಊರಿನ ಸೊಸೆ, ಅದೇ ಊರಿನ ಮಾತು. ಬಾಣಂತಿಯ ಮನೆಗೆ ಹೋಗಲು ಆಕೆಗೆ ದಿನ ಗೊತ್ತುಮಾಡಿಕೊಟ್ಟಿರುವಂತೆ ಕೀಮೋ ಆದವರ ಮನೆಗೆ ಎಂಟನೆಯ ದಿನ ಹೋಗಿ, ‘ರೊಟ್ಟಿ ಹೋಗ್ತದೇನ್ರಿ, ಗಂಜಿ ಅಷ್ಟೇನ್ರಿ?’ ಎಂದು ಕೇಳಿ ಆಸ್ಪತ್ರೆಗೆ ಫೋನು ಮಾಡುವ ಕೆಲಸ ಕೊಟ್ಟರೆ, ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಟ್ಟರೆ, ಹೊಸ ಕಟ್ಟಡ ಬೇಕಾಗಿಲ್ಲ. ಜಿಲ್ಲಾ ಪರಿಷತ್ತಿನ ಸದಸ್ಯರು, ಗಡಿ ಭಾಗದ ಶಾಸಕರು ಡೇ ಕೇರ್ ಕೇಂದ್ರದ ಟೇಪು ಕತ್ತರಿಸಲು ಬಂದಾಗ ವ್ಯಾಪಾರಿ ಸಂಘದವರು, ಹಾಲಿನ ಸೊಸೈಟಿಯವರು ಈ ಎರಡು ಮಾತು ಅರ್ಜಿಯಲ್ಲಿ ಬರೆದು ಕೈಗೆ ಕೊಡಲಿ.

ನಾಲ್ಕನೆಯ ಸೂಜಿಗೆ ಹೋಗುವ ಮುಂಚೆ ಅತ್ತಿಯ ಮಗ ಫೈಲಿನ ರಟ್ಟಿನ ಮೇಲೆ ದಿನ ದಿನದ ಊಟ ಬರೆದಿದ್ದ: 8ನೇ ದಿನ ಭಾಕರಿ ಬಂದ್, 10ನೇ ದಿನ ಪೇಜ್ ಮಾತ್ರ, 13ನೇ ದಿನ ಅರ್ಧ ಭಾಕರಿ. ಡಾಕ್ಟರು ಅದನ್ನು ಎರಡು ಸಲ ಓದಿ, ಔಷಧಿಯ ಪ್ರಮಾಣ ತುಸು ಇಳಿಸಿ, ಜೆಲ್ಲು ಬರೆದು, ಉಪ್ಪು-ಸೋಡಾ ನೀರಿನ ಅಳತೆಯನ್ನು ನರ್ಸಿನಿಂದ ಹೇಳಿಸಿದರು. ನರ್ಸು ಕಲಬುರ್ಗಿ ಕಡೆಯವಳು. ಅತ್ತಿಯ ಸನಿಹ ಬಂದು, ‘ಅವ್ವಾ, ಬಾಯಿ ತೆರೀರಿ, ನೋಡೋಣ’ ಅಂದಳು. ಅತ್ತಿ ಬಾಯಿ ತೆರೆದು ತೋರಿಸಿ, ಆ ಮೇಲೆ ಒಂದು ತಾಸು ಮಾತಾಡಿದಳು.